ಓದುಗರ ಪ್ರಶ್ನೆ, ನಮ್ಮ ಉತ್ತರ: ಹ್ಯಾಕಿಂತೋಷ್‌ಗೆ ಹೊಸ ಮ್ಯಾಕ್‌ಒಎಸ್ ಹಾಕುವ ಮುನ್ನ

ಈ ಕಂತಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಬಿಡಿಭಾಗಗಳನ್ನು ಆರಿಸಿ ತಂದು ತಾವೇ ಜೋಡಿಸಿಕೊಂಡ ಪಿಸಿಯಲ್ಲಿ ಆಪಲ್ ಕಂಪನಿಯ ಮ್ಯಾಕ್‌ಒಎಸ್ ನಡೆಸುವವರು, ಅಂದರೆ ಹ್ಯಾಕಿಂತೋಷ್ ಇಟ್ಟುಕೊಂಡವರು, ಹೊಸ ಆವೃತ್ತಿಗೆ ಹೋಗುವಾಗ ಯಂತ್ರ ಕೈಕೊಡದಂತೆ ಏನು ಮಾಡಬೇಕೆಂದು ಕೇಳಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಮುಂದೆ ಬರುವ ವೆಂಚುರಾ, ಸೊನೋಮಾ, ಸಿಕ್ವೊಯಾ, ಟಾಹೊ ಇವು ಹಳೆಯದರಿಂದ ಹೊಸದರತ್ತ ಸಾಗುವ ಮ್ಯಾಕ್‌ಒಎಸ್ ಆವೃತ್ತಿಗಳ ಹೆಸರುಗಳು.

ಪ್ರಶ್ನೆ: ನನ್ನದು ಇಂಟೆಲ್‌ನ ಐ5-10400 ಪ್ರೊಸೆಸರ್ ಮತ್ತು ಎಎಮ್‌ಡಿ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ. ವೈಫೈಗೆ ಹಳೆಯ ಬ್ರಾಡ್‌ಕಾಮ್ ಕಾರ್ಡ್ ಇದೆ. ಯಂತ್ರ ಏಳುವಾಗ ಮ್ಯಾಕ್‌ಒಎಸ್ ಎಬ್ಬಿಸುವ ಓಪನ್‌ಕೋರ್ ಬೂಟ್‌ಲೋಡರ್ ಬಳಸಿ, ಐಮ್ಯಾಕ್ 20,1 ಮಾದರಿಯ ಗುರುತಿನಲ್ಲಿ ವೆಂಚುರಾ ಹಾಕಿಕೊಂಡಿದ್ದೇನೆ. ಅಂದಿನಿಂದ ಓಪನ್‌ಕೋರ್ ಇರುವ ಇಎಫ್‌ಐ ಫೋಲ್ಡರನ್ನು ಮುಟ್ಟಿಯೇ ಇಲ್ಲ. ಫೋಟೊ ಮತ್ತು ಧ್ವನಿ ಸಂಕಲನದ ಕೆಲಸಕ್ಕೆ ದಿನವೂ ಇದೇ ಯಂತ್ರ ಬೇಕು. ಈಗ ಅಪ್‌ಡೇಟ್ ಮಾಡಿ ಎಂಬ ಸೂಚನೆ ಪದೇ ಪದೇ ಬರುತ್ತಿದೆ. ನನಗೆ ಸಿಕ್ವೊಯಾ ಸಾಕು. ಆ ಗುಂಡಿಯನ್ನು ಒತ್ತಬಹುದೇ?

ಉತ್ತರ: ಒತ್ತಬೇಡಿ. ನಿಮ್ಮ ಯಂತ್ರಕ್ಕೆ ಸಿಕ್ವೊಯಾ ನಡೆಸುವ ಶಕ್ತಿ ಚೆನ್ನಾಗಿಯೇ ಇದೆ, ಆದರೆ ಪರದೆಯ ಮೇಲೆ ಕಾಣುತ್ತಿರುವ ದೊಡ್ಡ ಗುಂಡಿ ನಿಮ್ಮನ್ನು ಸಿಕ್ವೊಯಾಕ್ಕೆ ಕರೆದೊಯ್ಯುವುದಿಲ್ಲ. ಐಮ್ಯಾಕ್ 20,1 ಎಂಬುದು 2025ರ ಸೆಪ್ಟೆಂಬರಿನಲ್ಲಿ ಬಂದ ಟಾಹೊ ಆವೃತ್ತಿಗೂ ಸಲ್ಲುವ ಮಾದರಿಯಾದ್ದರಿಂದ ಸಾಫ್ಟ್‌ವೇರ್ ಅಪ್‌ಡೇಟ್ ಪುಟ ಟಾಹೊವನ್ನೇ ಮೇಲೆ ತೋರಿಸುತ್ತದೆ. ಹಳೆಯ ಆವೃತ್ತಿಯ ಅಪ್‌ಡೇಟ್‌ಗಳು ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತವೆ. ಟಾಹೊದಲ್ಲಿ ಧ್ವನಿಯ ದೊಡ್ಡ ತೊಡಕೊಂದಿದೆ, ಅದನ್ನು ಕೊನೆಯ ಉತ್ತರದಲ್ಲಿ ವಿವರಿಸಿದ್ದೇನೆ. ಧ್ವನಿ ಸಂಕಲನವೇ ಕಸುಬಾಗಿರುವ ನೀವು ತಿಳಿಯದೆ ಅಲ್ಲಿಗೆ ಹೋಗಿಬಿಟ್ಟರೆ ಮರುದಿನದ ಕೆಲಸವೇ ನಿಂತುಹೋಗುತ್ತದೆ.

ಹ್ಯಾಕಿಂತೋಷ್ ಅಪ್‌ಡೇಟ್ ಆದಾಗ ಏಕೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅದು ಅರ್ಥವಾದರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ನಿಜವಾದ ಮ್ಯಾಕ್‌ನಲ್ಲಿ ಹೊಸ ಮ್ಯಾಕ್‌ಒಎಸ್ ಬಂದಾಗ ಅದರ ಜೊತೆಯಲ್ಲೇ ಯಂತ್ರದ ಫರ್ಮ್‌ವೇರ್, ಅಂದರೆ ಚಿಪ್‌ನಲ್ಲೇ ಕುಳಿತಿರುವ ಮೂಲ ತಂತ್ರಾಂಶ, ಕೂಡ ಹೊಸದಾಗುತ್ತದೆ. ನಿಮ್ಮ ಪಿಸಿಯಲ್ಲಿ ಆ ಫರ್ಮ್‌ವೇರ್‌ನ ಜಾಗದಲ್ಲಿ ನಿಂತು, ಇದು ಐಮ್ಯಾಕ್ ಎಂದು ಮ್ಯಾಕ್‌ಒಎಸ್‌ಗೆ ನಂಬಿಸುತ್ತಿರುವುದು ಡಿಸ್ಕಿನ ಸಣ್ಣದೊಂದು ಭಾಗವಾದ ಇಎಫ್‌ಐ ಪಾರ್ಟಿಶನ್‌ನಲ್ಲಿ ಕುಳಿತಿರುವ ಓಪನ್‌ಕೋರ್ ಮತ್ತು ಅದರೊಡನಿರುವ ಕೆಕ್ಸ್ಟ್‌ಗಳು, ಅಂದರೆ ಮ್ಯಾಕ್‌ಒಎಸ್‌ಗೆ ಸೇರಿಕೊಳ್ಳುವ ಚಾಲಕದಂಥ (ಡ್ರೈವರ್) ಕಡತಗಳು. ಆಪಲ್‌ನ ಅಪ್‌ಡೇಟ್ ಇವುಗಳ ಗೊಡವೆಗೇ ಹೋಗುವುದಿಲ್ಲ. ಒಳಗಿನ ಕರ್ನಲ್, ಅಂದರೆ ಮ್ಯಾಕ್‌ಒಎಸ್‌ನ ತಿರುಳು, ಹೊಸದಾಗುತ್ತದೆ, ಬಾಗಿಲಲ್ಲಿ ನಿಂತಿರುವ ತಂತ್ರಾಂಶ ಮಾತ್ರ ನೀವು ವೆಂಚುರಾ ಹಾಕಿದ ದಿನದ್ದೇ ಆಗಿ ಉಳಿಯುತ್ತದೆ.

ಇದರ ಪರಿಣಾಮವನ್ನು ಲಿಲು ಎಂಬ ಒಂದೇ ಕೆಕ್ಸ್ಟ್‌ನಲ್ಲಿ ನೋಡಬಹುದು. ಗ್ರಾಫಿಕ್ಸ್ ಸರಿಪಡಿಸುವ ವಾಟೆವರ್‌ಗ್ರೀನ್, ಧ್ವನಿ ಕೊಡಿಸುವ ಆಪಲ್‌ಎಎಲ್‌ಸಿ, ವಿದ್ಯುತ್, ಫ್ಯಾನ್‌ಗಳನ್ನು ನೋಡಿಕೊಳ್ಳುವ ಮ್ಯಾಕ್‌ನ ಎಸ್‌ಎಮ್‌ಸಿ ಚಿಪ್‌ನಂತೆ ನಟಿಸುವ ವರ್ಚುವಲ್‌ಎಸ್‌ಎಮ್‌ಸಿ, ಈ ಮೂರೂ ಲಿಲುವಿನ ಹೆಗಲ ಮೇಲೆ ಕುಳಿತು ಕೆಲಸ ಮಾಡುತ್ತವೆ. ಲಿಲು ಎದ್ದ ಕೂಡಲೇ ಎದುರಿಗಿರುವ ಕರ್ನಲ್‌ನ ಆವೃತ್ತಿ ಯಾವುದೆಂದು ನೋಡುತ್ತದೆ, ಮತ್ತು ತನಗೆ ಪರಿಚಯವಿಲ್ಲದಷ್ಟು ಹೊಸದಾಗಿದ್ದರೆ ಸುರಕ್ಷತೆಯ ದೃಷ್ಟಿಯಿಂದ ಸುಮ್ಮನಾಗಿಬಿಡುತ್ತದೆ. ಆಗ ವರ್ಚುವಲ್‌ಎಸ್‌ಎಮ್‌ಸಿಯೂ ಸುಮ್ಮನಾಗುತ್ತದೆ, ಎಸ್‌ಎಮ್‌ಸಿ ಸಿಗದ ಮ್ಯಾಕ್‌ಒಎಸ್ ಮುಂದೆ ಹೋಗಲಾರದೆ ನಿಲ್ಲುತ್ತದೆ. ಅಪ್‌ಡೇಟ್ ಕೆಟ್ಟಿತು ಎಂದು ಜನ ಹೇಳುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾಗಿ ನಡೆದಿರುವುದು ಇಷ್ಟೇ. ಆದ್ದರಿಂದ ಮೊದಲು ಬೂಟ್‌ಲೋಡರ್ ಮತ್ತು ಕೆಕ್ಸ್ಟ್‌ಗಳು ಹೊಸದಾಗಬೇಕು, ಅವು ಹಳೆಯ ವೆಂಚುರಾವನ್ನೇ ಕೆಲವು ದಿನ ತೊಂದರೆಯಿಲ್ಲದೆ ನಡೆಸಿ ತೋರಿಸಬೇಕು, ಆಮೇಲಷ್ಟೇ ಮ್ಯಾಕ್‌ಒಎಸ್‌ನ ಸರದಿ. ಈ ಅನುಕ್ರಮ ತಪ್ಪಬಾರದು.

ಬ್ಯಾಕಪ್‌ನಿಂದ ಆರಂಭಿಸಿ. ಟೈಮ್ ಮಷಿನ್ ನಿಮ್ಮ ಕಡತಗಳನ್ನು ಕಾಪಾಡುತ್ತದೆ, ಆದರೆ ಇಎಫ್‌ಐ ಪಾರ್ಟಿಶನ್ನನ್ನು ನಕಲು ಮಾಡುವುದಿಲ್ಲ. ಇದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಹಾಗಾಗಿ ಎರಡು ಪ್ರತ್ಯೇಕ ಬ್ಯಾಕಪ್ ಬೇಕು: ಕಡತಗಳಿಗೆ ಒಂದು, ಇಎಫ್‌ಐ ಫೋಲ್ಡರ್‌ಗೆ ಇನ್ನೊಂದು. ಫೋಟೊ ಲೈಬ್ರರಿಯ ಒಂದು ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ಬೇರೆಯಾಗಿಯೇ ತೆಗೆದಿಡಿ, ಏಕೆಂದರೆ ಹೊಸ ಮ್ಯಾಕ್‌ಒಎಸ್‌ನ ಫೋಟೋಸ್ ಆ್ಯಪ್ ಒಮ್ಮೆ ಲೈಬ್ರರಿಯನ್ನು ತನ್ನ ಕ್ರಮಕ್ಕೆ ಬದಲಾಯಿಸಿಕೊಂಡಿತೆಂದರೆ ಹಳೆಯ ಆವೃತ್ತಿ ಅದನ್ನು ತೆರೆಯಲಾರದು. ಹೊಸದರಿಂದ ಹಳೆಯದಕ್ಕೆ ಇಳಿಯಲು ಡಿಸ್ಕನ್ನು ಅಳಿಸಿ ಮತ್ತೆ ಹಾಕುವುದೊಂದೇ ನೇರವಾದ ದಾರಿ ಎಂಬುದನ್ನೂ ನೆನಪಿಡಿ.

ಇನ್ನು ಪೆನ್‌ಡ್ರೈವ್. ಇಲ್ಲಿ ನನಗೇ ಆದ ಅನುಭವವನ್ನು ಹೇಳುತ್ತೇನೆ. ಸೊನೋಮಾ ಬಂದ ಹೊಸತರಲ್ಲಿ ಅಪ್‌ಡೇಟ್‌ಗೆ ಮೊದಲು ಇಎಫ್‌ಐ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ ನೆಮ್ಮದಿಯಾಗಿದ್ದೆ. ಯಂತ್ರ ಏಳದಾದಾಗ ಪೆನ್‌ಡ್ರೈವ್ ಹಾಕಿದರೆ ಬಯಾಸ್‌ನ, ಅಂದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶದ, ಬೂಟ್ ಪಟ್ಟಿಯಲ್ಲಿ ಅದು ಕಾಣಿಸಲೇ ಇಲ್ಲ. ಪರಿಚಿತರೊಬ್ಬರ ಲ್ಯಾಪ್‌ಟಾಪ್ ತಂದು ನೋಡಿದ ಮೇಲೆ ತಿಳಿಯಿತು: ನಾನು ತಾರೀಖು ಬರೆದ ಒಂದು ಫೋಲ್ಡರ್ ಮಾಡಿ, ಅದರೊಳಗೆ ಇಎಫ್‌ಐ ಫೋಲ್ಡರನ್ನು ಅಚ್ಚುಕಟ್ಟಾಗಿ ಇಟ್ಟಿದ್ದೆ. ಬಯಾಸ್ ಹುಡುಕುವುದು ಪೆನ್‌ಡ್ರೈವ್‌ನ ಮೊದಲ ಹಂತದಲ್ಲೇ ಇರುವ ಇಎಫ್‌ಐ, ಅದರೊಳಗೆ ಬೂಟ್, ಅದರೊಳಗೆ ಬೂಟ್‌ಎಕ್ಸ್64 ಎಂಬ ಕಡತವನ್ನು ಮಾತ್ರ. ಒಂದು ಫೋಲ್ಡರ್ ಆಳಕ್ಕೆ ಹೋದರೂ ಅದರ ಪಾಲಿಗೆ ಆ ಕಡತ ಇಲ್ಲವೆಂದೇ ಅರ್ಥ. ಲ್ಯಾಪ್‌ಟಾಪ್‌ನಲ್ಲಿ ಆ ಫೋಲ್ಡರನ್ನು ಹೊರಗೆಳೆದು ಹಾಕಿದ ಎರಡು ನಿಮಿಷದಲ್ಲಿ ಯಂತ್ರ ಎದ್ದು ನಿಂತಿತು, ಆದರೆ ಅಷ್ಟು ಹೊತ್ತಿಗೆ ಅರ್ಧ ದಿನ ಕಳೆದುಹೋಗಿತ್ತು.

ಆದ್ದರಿಂದ ನೀವು ಎರಡು ಪೆನ್‌ಡ್ರೈವ್‌ಗಳನ್ನು ತೆಗೆದುಕೊಳ್ಳಿ. ಡಿಸ್ಕ್ ಯುಟಿಲಿಟಿಯಲ್ಲಿ ಎರಡನ್ನೂ ಎಮ್ಎಸ್-ಡಾಸ್ ಫ್ಯಾಟ್ ಮಾದರಿಯಲ್ಲಿ ಅಳಿಸಿ ಸಿದ್ಧಪಡಿಸಿ. ಎಕ್ಸ್‌ಫ್ಯಾಟ್ ಆರಿಸಿದರೆ ಹೆಚ್ಚಿನ ಬಯಾಸ್‌ಗಳು ಓದಲಾರವು. ಒಂದರಲ್ಲಿ ಈಗ ಕೆಲಸ ಮಾಡುತ್ತಿರುವ ಹಳೆಯ ಇಎಫ್‌ಐ ಫೋಲ್ಡರ್ ಇರಲಿ. ಅದರ ಮೇಲೆ ಒಂದು ಚೀಟಿ ಅಂಟಿಸಿ, ಬಯಾಸ್‌ನ ಬೂಟ್ ಪಟ್ಟಿಯಿಂದ ಅದನ್ನೇ ಆರಿಸಿ ಯಂತ್ರವನ್ನು ಒಮ್ಮೆ ನಿಜವಾಗಿ ಎಬ್ಬಿಸಿ ನೋಡಿ. ಎದ್ದಿತೆಂದು ಕಣ್ಣಾರೆ ಕಂಡ ಮೇಲೆ ಆ ಪೆನ್‌ಡ್ರೈವನ್ನು ಎತ್ತಿಡಿ, ಮತ್ತೆ ಅದಕ್ಕೆ ಏನನ್ನೂ ಬರೆಯಬೇಡಿ. ಎರಡನೆಯದು ಹೊಸ ಇಎಫ್‌ಐಗೆ.

ಹೊಸ ಇಎಫ್‌ಐ ಕಟ್ಟುವಾಗ ಓಪನ್‌ಕೋರ್‌ನ ಎಲ್ಲ ಭಾಗಗಳೂ ಒಂದೇ ಬಿಡುಗಡೆಯವಾಗಿರಬೇಕು. ಬೂಟ್‌ಎಕ್ಸ್64, ಓಪನ್‌ಕೋರ್, ಡ್ರೈವರ್ಸ್ ಫೋಲ್ಡರ್‌ನೊಳಗಿನ ಓಪನ್‌ರನ್‌ಟೈಮ್, ಚಿತ್ರರೂಪದ ಮೆನು ಬಳಸುತ್ತಿದ್ದರೆ ಓಪನ್‌ಕ್ಯಾನೊಪಿ, ಇವಿಷ್ಟನ್ನೂ ಒಟ್ಟಿಗೇ ಬದಲಿಸಿ. ಓಪನ್‌ರನ್‌ಟೈಮ್ ಹಳೆಯದಾಗಿ ಉಳಿದು ಉಳಿದದ್ದು ಹೊಸದಾದರೆ ಆವೃತ್ತಿ ಹೊಂದುವುದಿಲ್ಲವೆಂದು ಹೇಳಿ ಬೂಟ್ ಅಲ್ಲಿಯೇ ನಿಲ್ಲುತ್ತದೆ. ಓಪನ್‌ಕೋರ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಕಡತವನ್ನು ಮಾತ್ರ ಹೊಸದರಿಂದ ಬದಲಿಸಬೇಡಿ, ಏಕೆಂದರೆ ನಿಮ್ಮ ಯಂತ್ರದ ವಿಶೇಷಗಳೂ ಸೀರಿಯಲ್ ಸಂಖ್ಯೆಯೂ ಇರುವುದು ಅದರಲ್ಲೇ. ಅದನ್ನು ಪ್ರಾಪರ್‌ಟ್ರೀಯಂಥ ಸಂಪಾದಕದಲ್ಲಿ ತೆರೆದು, ಹೊಸ ಓಪನ್‌ಕೋರ್ ಜೊತೆ ಬರುವ ಮಾದರಿ ಕಡತವನ್ನು ಪಕ್ಕದಲ್ಲಿಟ್ಟುಕೊಂಡು, ಹೊಸದಾಗಿ ಸೇರಿರುವ ಸಾಲುಗಳನ್ನು ಸೇರಿಸಿ, ಕೈಬಿಟ್ಟಿರುವ ಸಾಲುಗಳನ್ನು ತೆಗೆಯಿರಿ. ನಂತರ ಅದೇ ಬಿಡುಗಡೆಯಲ್ಲಿರುವ ಓಸಿವ್ಯಾಲಿಡೇಟ್ ಎಂಬ ಪರೀಕ್ಷಕವನ್ನು ಟರ್ಮಿನಲ್‌ನಲ್ಲಿ ನಡೆಸಿದರೆ ಎಲ್ಲಿ ತಪ್ಪಿದೆ ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಹಳೆಯ ಬಿಡುಗಡೆಯ ಪರೀಕ್ಷಕದಿಂದ ಹೊಸ ಕಾನ್ಫಿಗ್ ಕಡತವನ್ನು ಪರೀಕ್ಷಿಸಿದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಕೆಕ್ಸ್ಟ್‌ಗಳನ್ನೂ ಹೊಸದಾಗಿಸಿ, ಪಟ್ಟಿಯಲ್ಲಿ ಲಿಲು ಉಳಿದೆಲ್ಲಕ್ಕಿಂತ ಮೊದಲಿದೆಯೇ ಎಂದು ನೋಡಿ.

ಈ ಎರಡನೆಯ ಪೆನ್‌ಡ್ರೈವ್‌ನಿಂದ ವೆಂಚುರಾವನ್ನು ಎಬ್ಬಿಸಿ. ಧ್ವನಿ, ಗ್ರಾಫಿಕ್ಸ್, ನಿದ್ರೆಗೆ ಹೋಗಿ ಏಳುವುದು, ಪ್ರತಿಯೊಂದು ಯುಎಸ್‌ಬಿ ಕಿಂಡಿ, ಎಲ್ಲವೂ ಎಂದಿನಂತೆ ಇವೆಯೇ ಎಂದು ನಾಲ್ಕೈದು ದಿನ ನೋಡಿದ ಮೇಲೆ ಆ ಫೋಲ್ಡರನ್ನು ಡಿಸ್ಕಿನ ಇಎಫ್‌ಐ ಪಾರ್ಟಿಶನ್‌ಗೆ ಹಾಕಿ. ಆ ಪಾರ್ಟಿಶನ್ ಸಾಮಾನ್ಯವಾಗಿ 200 ಎಂಬಿ ಮಾತ್ರ ಇರುವುದರಿಂದ ಹಳೆಯ ಪ್ರತಿಗಳನ್ನು ಅಲ್ಲೇ ಗುಡ್ಡೆ ಹಾಕಬೇಡಿ.

ವೈಫೈ ವಿಷಯದಲ್ಲಿ ಮಾತ್ರ ನಿಮಗೆ ನಿರಾಸೆ ಕಾದಿದೆ. 2023ರಲ್ಲಿ ಬಂದ ಸೊನೋಮಾದಿಂದ ಆಚೆಗೆ ಹಳೆಯ ಬ್ರಾಡ್‌ಕಾಮ್ ಕಾರ್ಡ್‌ಗಳ ಚಾಲಕಗಳನ್ನು ಆಪಲ್ ತೆಗೆದುಹಾಕಿದೆ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ತಂತ್ರಾಂಶದಿಂದ ಅವನ್ನು ಮರಳಿ ಸೇರಿಸಬಹುದು, ಆದರೆ ಅದಕ್ಕಾಗಿ ವ್ಯವಸ್ಥೆಯ ರಕ್ಷಣೆಯನ್ನು ಭಾಗಶಃ ಸಡಿಲಿಸಬೇಕು, ಮ್ಯಾಕ್‌ಒಎಸ್‌ನ ಕಡತಗಳಿರುವ, ಸೀಲ್ ಆಗಿರುವ ಸಿಸ್ಟಮ್ ವಾಲ್ಯೂಮ್‌ನ ಮುದ್ರೆ ಮುರಿಯಬೇಕು, ಮತ್ತು ಮುಂದಿನ ಪ್ರತಿಯೊಂದು ಅಪ್‌ಡೇಟ್ ಆದ ಮೇಲೂ ಆ ತೇಪೆಯನ್ನು ಮತ್ತೆ ಹಾಕಬೇಕು. ಮುದ್ರೆ ಮುರಿದ ಯಂತ್ರಕ್ಕೆ ಸಣ್ಣ ಅಪ್‌ಡೇಟ್ ಕೂಡ ಪೂರ್ಣ ಗಾತ್ರದಲ್ಲಿ, ಹತ್ತು ಜಿಬಿಗೂ ಮಿಕ್ಕಿ ಬರುತ್ತದೆ. ದುಡಿಮೆಯ ಯಂತ್ರಕ್ಕೆ ಈ ಉಸಾಬರಿ ಬೇಡವೆಂದೇ ನನ್ನ ಅಭಿಪ್ರಾಯ. ಮದರ್‌ಬೋರ್ಡಿನಲ್ಲಿರುವ ಈಥರ್ನೆಟ್ ಕಿಂಡಿಗೆ ಕೇಬಲ್ ಹಾಕಿ. ಅದು ಸಾಧ್ಯವಿಲ್ಲದಿದ್ದರೆ ಇಂಟೆಲ್ ವೈಫೈ ಕಾರ್ಡ್ ಹಾಕಿಸಿ, ಐಟಿಎಲ್‌ಡಬ್ಲ್ಯುಎಮ್ ಕೆಕ್ಸ್ಟ್ ಮತ್ತು ಅದರ ಜೊತೆಗಾರ ಹೆಲಿಪೋರ್ಟ್ ಆ್ಯಪ್ ಬಳಸಿ. ಏರ್‌ಡ್ರಾಪ್ ಮಾತ್ರ ಇಂಟೆಲ್ ಕಾರ್ಡಿನಲ್ಲಿ ಸಿಗುವುದಿಲ್ಲ. ತುರ್ತಿಗೆ ಐಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಪರ್ಸನಲ್ ಹಾಟ್‌ಸ್ಪಾಟ್ ಆನ್ ಮಾಡಿದರೆ ಬೇರೆ ಚಾಲಕವಿಲ್ಲದೆಯೇ ಇಂಟರ್‌ನೆಟ್ ದೊರೆಯುತ್ತದೆ. ಹೇಗೇ ಇರಲಿ, ಬೇಕಾಗಬಹುದಾದ ಕೆಕ್ಸ್ಟ್‌ಗಳನ್ನೆಲ್ಲ ಮೊದಲೇ ಇಳಿಸಿಟ್ಟುಕೊಳ್ಳಿ. ಇಂಟರ್‌ನೆಟ್ ಹೋದ ಮೇಲೆ ಇಂಟರ್‌ನೆಟ್ ಕೊಡಿಸುವ ಚಾಲಕವನ್ನು ಹುಡುಕುವ ಪಾಡು ಯಾರಿಗೂ ಬೇಡ.

ಸಿಕ್ವೊಯಾದ ಪೂರ್ಣ ಇನ್‌ಸ್ಟಾಲರನ್ನು ಆಪ್ ಸ್ಟೋರ್‌ನಿಂದ ಇಳಿಸಿಕೊಳ್ಳಿ. ಹಳೆಯ ಆವೃತ್ತಿಗಳ ಕೊಂಡಿಗಳನ್ನು ಆಪಲ್ ತನ್ನ ಸಹಾಯ ಪುಟದಲ್ಲೇ ಕೊಟ್ಟಿದೆ. ಬೇರೆಯವರು ಮಾರ್ಪಡಿಸಿ ಹಂಚುವ ಡಿಸ್ಕ್ ಇಮೇಜ್‌ಗಳನ್ನು ಎಂದಿಗೂ ಬಳಸಬೇಡಿ, ಅವುಗಳೊಳಗೆ ಏನು ಸೇರಿದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಡಿಸ್ಕಿನಲ್ಲಿ 40 ಜಿಬಿಗಿಂತ ಹೆಚ್ಚು ಜಾಗವಿದ್ದರೆ ಇನ್ನೊಂದು ಒಳ್ಳೆಯ ಉಪಾಯವಿದೆ. ಡಿಸ್ಕ್ ಯುಟಿಲಿಟಿಯಲ್ಲಿ ವೆಂಚುರಾ ಇರುವ ಅದೇ ಎಪಿಎಫ್‌ಎಸ್ ಕಂಟೇನರ್‌ಗೆ ಹೊಸದೊಂದು ವಾಲ್ಯೂಮ್ ಸೇರಿಸಿ, ಸಿಕ್ವೊಯಾವನ್ನು ಮೊದಲು ಅಲ್ಲಿ ಹಾಕಿ ನೋಡಿ. ಇದಕ್ಕೆ ಪಾರ್ಟಿಶನ್ ಕತ್ತರಿಸುವ ಅಗತ್ಯವಿಲ್ಲ, ಜಾಗವನ್ನು ಎರಡೂ ವಾಲ್ಯೂಮ್‌ಗಳು ಹಂಚಿಕೊಳ್ಳುತ್ತವೆ. ನಿಮ್ಮ ಧ್ವನಿ ಸಂಕಲನದ ತಂತ್ರಾಂಶ, ಅದರ ಪ್ಲಗಿನ್‌ಗಳು, ಆಡಿಯೊ ಇಂಟರ್‌ಫೇಸ್‌ನ ಚಾಲಕ ಅಲ್ಲಿ ನಡೆಯುತ್ತವೆಯೇ ಎಂದು ನೋಡಿಕೊಂಡು, ಬೇಡವೆನಿಸಿದರೆ ಆ ವಾಲ್ಯೂಮನ್ನು ಅಳಿಸಿದರಾಯಿತು, ವೆಂಚುರಾ ಇದ್ದ ಹಾಗೆಯೇ ಇರುತ್ತದೆ.

ನಿಜವಾದ ಅಪ್‌ಗ್ರೇಡ್‌ನ ದಿನ ಕೆಲಸದ ಗಡುವು ಯಾವುದೂ ಇರದಂತೆ ನೋಡಿಕೊಳ್ಳಿ. ಬೇಡದ ಯುಎಸ್‌ಬಿ ಸಾಧನಗಳನ್ನು ಕಳಚಿ, ವಿದ್ಯುತ್ ಹೋಗದಂತೆ ಯುಪಿಎಸ್ ಇದ್ದರೆ ಜೋಡಿಸಿ, ವೆಂಚುರಾದ ಒಳಗಿನಿಂದಲೇ ಇನ್‌ಸ್ಟಾಲರ್ ನಡೆಸಿ. ಯಂತ್ರ ಮೂರು ನಾಲ್ಕು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಪ್ರತಿ ಸಲವೂ ಓಪನ್‌ಕೋರ್ ಮೆನುವಿನಲ್ಲಿ ನಿಮ್ಮ ಡಿಸ್ಕಿನ ಹೆಸರಿನ ಪಕ್ಕದಲ್ಲಿ ಮ್ಯಾಕ್‌ಒಎಸ್ ಇನ್‌ಸ್ಟಾಲರ್ ಎಂಬ ಹೊಸ ಐಕಾನ್ ಕಾಣಿಸುತ್ತದೆ. ಸಾಮಾನ್ಯವಾಗಿ ಓಪನ್‌ಕೋರ್ ಅದನ್ನೇ ತಾನಾಗಿ ಆರಿಸಿಕೊಳ್ಳುತ್ತದೆ, ಆರಿಸಿಕೊಳ್ಳದಿದ್ದರೆ ನೀವು ಆರಿಸಬೇಕು. ಆ ಐಕಾನ್ ಮಾಯವಾಗಿ ಡಿಸ್ಕಿನ ಹೆಸರು ಮಾತ್ರ ಉಳಿದಾಗ ಆ ಹಂತ ಮುಗಿಯಿತೆಂದು ತಿಳಿಯಿರಿ. ಮಧ್ಯೆ ಪ್ರಗತಿ ತೋರಿಸುವ ಗೆರೆ ಒಂದೇ ಕಡೆ ಹದಿನೈದು ಇಪ್ಪತ್ತು ನಿಮಿಷ ನಿಂತಂತೆ ಕಂಡರೂ ಪವರ್ ಗುಂಡಿಗೆ ಕೈ ಹಾಕಬೇಡಿ.

ಎಲ್ಲವೂ ಸರಿಯಾದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಪುಟದಲ್ಲಿ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ನಿಲ್ಲಿಸಿ, ಭದ್ರತಾ ಕಡತಗಳ ಆಯ್ಕೆಯನ್ನು ಮಾತ್ರ ಉಳಿಸಿ. ಸೀರಿಯಲ್ ಸಂಖ್ಯೆಯನ್ನಾಗಲಿ ಮಾದರಿಯ ಗುರುತನ್ನಾಗಲಿ ಈ ಸಂದರ್ಭದಲ್ಲಿ ಬದಲಿಸಬೇಡಿ. ಹಾಗೆ ಬದಲಿಸಿದರೆ ಆಪಲ್ ಖಾತೆಗೆ ನಿಮ್ಮದು ಬೇರೆಯೇ ಯಂತ್ರವಾಗಿ ಕಾಣುತ್ತದೆ, ಐಮೆಸೇಜ್‌ನಂಥ ಸೇವೆಗಳು ತೊಡಕಾಗುತ್ತವೆ.

ಪ್ರಶ್ನೆ: ಮ್ಯಾಕ್‌ಒಎಸ್ ಅಪ್‌ಡೇಟ್ ಮಾಡುವ ದಿನವೇ ಮದರ್‌ಬೋರ್ಡಿನ ಬಯಾಸ್ ಕೂಡ ಅಪ್‌ಡೇಟ್ ಮಾಡಿದರೆ ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲವೇ?

ಉತ್ತರ: ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ಬಯಾಸ್ ಅಪ್‌ಡೇಟ್ ಆದಾಗ ಹಿಂದಿನ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಸಿಎಫ್‌ಜಿ ಲಾಕ್, ಅಬವ್ 4ಜಿ ಡಿಕೋಡಿಂಗ್, ಸೆಕ್ಯೂರ್ ಬೂಟ್, ಎಕ್ಸ್‌ಎಚ್‌ಸಿಐ ಹ್ಯಾಂಡ್‌ಆಫ್ ಇವೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿದರೆ ಯಂತ್ರ ಏಳದೇ ಇರಬಹುದು, ಮತ್ತು ತಪ್ಪು ಬಯಾಸ್‌ನದೋ ಮ್ಯಾಕ್‌ಒಎಸ್‌ನದೋ ಎಂದು ನಿಮಗೆ ತಿಳಿಯುವುದಿಲ್ಲ. ಬಯಾಸ್‌ಗೆ ಬೇರೆ ದಿನ ಇಟ್ಟುಕೊಳ್ಳಿ, ಅದಕ್ಕೂ ಮೊದಲು ಪ್ರತಿಯೊಂದು ಪುಟದ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದಿಡಿ.

ಪ್ರಶ್ನೆ: ನನ್ನದು ಮ್ಯಾಕ್‌ಪ್ರೊ 7,1 ಗುರುತಿನ ಯಂತ್ರ, ಸೊನೋಮಾ ಇದೆ. ಹೊಸ ಸಣ್ಣ ಅಪ್‌ಡೇಟ್ ಬಂದಿದೆ ಎಂದು ಎಲ್ಲರೂ ಹೇಳಿದರೂ ನನ್ನಲ್ಲಿ ಮಾತ್ರ ನಿಮ್ಮ ಮ್ಯಾಕ್ ಅಪ್ ಟು ಡೇಟ್ ಆಗಿದೆ ಎಂದೇ ತೋರಿಸುತ್ತದೆ. ಕಾರಣವೇನು?

ಉತ್ತರ: ಮ್ಯಾಕ್‌ಪ್ರೊ 7,1 ನಿಜದಲ್ಲಿ ಟಿ2 ಭದ್ರತಾ ಚಿಪ್ ಇರುವ ಯಂತ್ರ. ಅಂಥ ಯಂತ್ರವೆಂದು ಹೇಳಿಕೊಳ್ಳುವ ಕಂಪ್ಯೂಟರಿನಲ್ಲಿ ವ್ಯವಸ್ಥೆ ಬದಲಾಗಿಲ್ಲವೆಂದು ಪರೀಕ್ಷಿಸುವ ಆಪಲ್‌ನ ಸೆಕ್ಯೂರ್ ಬೂಟ್ ಆಫ್ ಆಗಿದ್ದರೆ ಅಪ್‌ಡೇಟ್ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ನಿಮ್ಮ ಕಾನ್ಫಿಗ್ ಕಡತದಲ್ಲಿ ಸೆಕ್ಯೂರ್‌ಬೂಟ್‌ಮಾಡೆಲ್ ಎಂಬ ಸಾಲು ಈಗ ಡಿಸೇಬಲ್ಡ್ ಎಂದಿರುವ ಸಾಧ್ಯತೆ ಹೆಚ್ಚು. ಸಿಸ್ಟಮ್ ವಾಲ್ಯೂಮ್‌ಗೆ ಯಾವ ತೇಪೆಯನ್ನೂ ಹಾಕಿಲ್ಲದಿದ್ದರೆ ಅದನ್ನು ಡಿಫಾಲ್ಟ್ ಎಂದು ಬದಲಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿ. ಹಳೆಯ ವೈಫೈ ಕಾರ್ಡಿಗೋ ಗ್ರಾಫಿಕ್ಸ್‌ಗೋ ತೇಪೆ ಹಾಕಿದ್ದರೆ ಇದನ್ನು ಮಾಡಕೂಡದು, ಮುದ್ರೆ ಮುರಿದ ವ್ಯವಸ್ಥೆಯನ್ನು ಸೆಕ್ಯೂರ್ ಬೂಟ್ ಏಳಲು ಬಿಡುವುದಿಲ್ಲ. ಆಗ ರಿಸ್ಟ್ರಿಕ್ಟ್‌ಇವೆಂಟ್ಸ್ ಕೆಕ್ಸ್ಟ್ ಸೇರಿಸಿ, ಕಾನ್ಫಿಗ್ ಕಡತದ ಬೂಟ್ ಆಜ್ಞೆಗಳಲ್ಲಿ ರೆವ್‌ಪ್ಯಾಚ್ ಎಂಬುದಕ್ಕೆ ಎಸ್‌ಬಿವಿಎಮ್‌ಎಮ್ ಎಂಬ ಬೆಲೆಯನ್ನು ಕೊಡಿ. ಬಿಗ್ ಸರ್ ಎಂಬ ಹಳೆಯ ಆವೃತ್ತಿಯ 11.3 ಮತ್ತು ಅದರಾಚೆಯ ಆವೃತ್ತಿಗಳಲ್ಲಿ ಇದರಿಂದ ಅಪ್‌ಡೇಟ್ ಪಟ್ಟಿ ಮತ್ತೆ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಆರು ಕೋರ್‌ಗಳ ಎಎಮ್‌ಡಿ ರೈಜೆನ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಸೊನೋಮಾದಿಂದ ಸಿಕ್ವೊಯಾಕ್ಕೆ ಹೋಗಲು ಹೊರಟೆ. ಮೊದಲ ರೀಸ್ಟಾರ್ಟ್ ಆದ ಕೂಡಲೇ ಆಪಲ್ ಚಿಹ್ನೆ ಬಂದು ನಿಲ್ಲುತ್ತದೆ, ಗೆರೆ ಮುಂದಕ್ಕೆ ಹೋಗುವುದೇ ಇಲ್ಲ. ನನ್ನ ಕಡತಗಳೆಲ್ಲ ಹೋದವೇ? ತುಂಬ ಗಾಬರಿಯಾಗಿದೆ.

ಉತ್ತರ: ಗಾಬರಿಯಾಗಬೇಡಿ. ಮೊದಲ ರೀಸ್ಟಾರ್ಟ್‌ನಲ್ಲೇ ನಿಂತಿದೆ ಎಂದರೆ ಇನ್‌ಸ್ಟಾಲರ್ ಇನ್ನೂ ನಿಮ್ಮ ಹಳೆಯ ವ್ಯವಸ್ಥೆಯನ್ನು ಬದಲಿಸುವ ಹಂತಕ್ಕೆ ಬಂದಿಲ್ಲ. ಓಪನ್‌ಕೋರ್ ಮೆನುವಿನಲ್ಲಿ ಇನ್‌ಸ್ಟಾಲರ್ ಬಿಟ್ಟು ನಿಮ್ಮ ಡಿಸ್ಕಿನ ಹೆಸರನ್ನೇ ಆರಿಸಿ. ಬಹುಮಟ್ಟಿಗೆ ಸೊನೋಮಾ ಎಂದಿನಂತೆ ಏಳುತ್ತದೆ. ಎದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ, ಈವರೆಗೆ ಬ್ಯಾಕಪ್ ತೆಗೆದಿಲ್ಲದಿದ್ದರೆ ಈಗ ತೆಗೆಯುವುದು.

ಇನ್ನು ಕಾರಣ. ಎಎಮ್‌ಡಿ ಪ್ರೊಸೆಸರ್ ಇರುವ ಯಾವ ಮ್ಯಾಕನ್ನೂ ಆಪಲ್ ಮಾಡಿಲ್ಲ, ಹಾಗಾಗಿ ರೈಜೆನ್ ಯಂತ್ರಗಳಲ್ಲಿ ಕರ್ನಲ್‌ಗೆ ಕಾನ್ಫಿಗ್ ಕಡತದ ಮೂಲಕ ತಿದ್ದುಪಡಿಗಳನ್ನು ಹಾಕಬೇಕಾಗುತ್ತದೆ. ಪ್ರತಿಯೊಂದು ತಿದ್ದುಪಡಿಗೂ ಮಿನ್‌ಕರ್ನಲ್, ಮ್ಯಾಕ್ಸ್‌ಕರ್ನಲ್ ಎಂಬ ಗಡಿಗಳಿರುತ್ತವೆ. ಒಳಗಿನ ಲೆಕ್ಕದಲ್ಲಿ ವೆಂಚುರಾದ ಕರ್ನಲ್ 22, ಸೊನೋಮಾದ್ದು 23, ಸಿಕ್ವೊಯಾದ್ದು 24. ನಿಮ್ಮ ತಿದ್ದುಪಡಿಗಳ ಮೇಲಿನ ಗಡಿ 23.99.99 ಎಂದಿದ್ದರೆ ಅವು ಸೊನೋಮಾಕ್ಕೆ ಸಲ್ಲುತ್ತವೆ, ಸಿಕ್ವೊಯಾ ಎದುರಾದಾಗ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತವೆ. ಹಳೆಯ ಡಿಸ್ಕ್ ಏಳುತ್ತದೆ, ಇನ್‌ಸ್ಟಾಲರ್ ಏಳುವುದಿಲ್ಲ ಎಂಬುದಕ್ಕೆ ಇದು ಸರಿಯಾಗಿ ಹೊಂದುವ ವಿವರಣೆ. ಗಡಿಯ ಸಂಖ್ಯೆಯನ್ನು ಮಾತ್ರ ತಿದ್ದಿ ಮುಂದೆ ಹೋಗುವ ಆಸೆ ಬೇಡ, ಏಕೆಂದರೆ ಒಳಗಿನ ತಿದ್ದುಪಡಿಯ ಪಾಠವೇ ಹೊಸ ಕರ್ನಲ್‌ಗೆ ಬೇರೆಯಾಗಿರಬಹುದು. ಎಎಮ್‌ಡಿ ವೆನಿಲಾ ಎಂಬ ಹೆಸರಿನ ತಿದ್ದುಪಡಿಗಳ ಹೊಸ ಕಟ್ಟನ್ನು ಪೂರ್ತಿಯಾಗಿ ತಂದು ಹಾಕಿ.

ಹಾಗೆ ತಂದಾಗ ಅದರಲ್ಲಿ ಕೋರ್‌ಗಳ ಸಂಖ್ಯೆ ಹೇಳುವ ಸಾಲುಗಳು ಖಾಲಿಯಾಗಿ, ಅಂದರೆ ಸೊನ್ನೆಯಾಗಿ ಇರುತ್ತವೆ. ಆ ಹೆಸರಿನ ಪ್ರತಿಯೊಂದು ಸಾಲಿನಲ್ಲೂ ನಿಮ್ಮ ಪ್ರೊಸೆಸರಿನ ಕೋರ್ ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ, ಅಂದರೆ ಹೆಕ್ಸಾಡೆಸಿಮಲ್‌ನಲ್ಲಿ, ತುಂಬಬೇಕು. ನಿಮ್ಮ ಆರು ಕೋರ್‌ಗಳಿಗೆ 06, ಎಂಟಿದ್ದವರಿಗೆ 08, ಹನ್ನೆರಡಿದ್ದವರಿಗೆ 0ಸಿ. ಥ್ರೆಡ್‌ಗಳ ಸಂಖ್ಯೆಯನ್ನು ಬರೆಯುವುದು, ಒಂದು ಸಾಲು ತುಂಬಿ ಇನ್ನೊಂದನ್ನು ಮರೆಯುವುದು, ಇವೆರಡೂ ನಾನು ಮತ್ತೆ ಮತ್ತೆ ಕಾಣುವ ತಪ್ಪುಗಳು.

ಇಷ್ಟಾದರೂ ನಿಂತರೆ ಬೂಟ್ ಆಜ್ಞೆಗಳಿಗೆ ಮೈನಸ್ ವಿ ಸೇರಿಸಿ. ಆಪಲ್ ಚಿಹ್ನೆಯ ಬದಲು ಸಾಲು ಸಾಲಾಗಿ ಅಕ್ಷರಗಳು ಬರುತ್ತವೆ, ಮತ್ತು ಎಲ್ಲಿ ನಿಂತಿತೋ ಆ ಕೊನೆಯ ಸಾಲೇ ನಿಮಗೆ ಬೇಕಾದ ಸುಳಿವು. ಕೊನೆಯ ಸಾಲಿನಲ್ಲಿ ಎಕ್ಸಿಟ್‌ಬಿಎಸ್ ಸ್ಟಾರ್ಟ್ ಎಂದಿದ್ದರೆ ತೊಂದರೆ ಕರ್ನಲ್ ತಿದ್ದುಪಡಿಗಳಲ್ಲಿ ಅಥವಾ ಕಾನ್ಫಿಗ್ ಕಡತದ ಬೂಟರ್ ಭಾಗದಲ್ಲಿದೆ. ಸ್ಟಿಲ್ ವೇಯ್ಟಿಂಗ್ ಫಾರ್ ರೂಟ್ ಡಿವೈಸ್ ಎಂದು ನಿಂತರೆ ಕರ್ನಲ್ ಎದ್ದಿದೆ, ಡಿಸ್ಕ್ ಅಥವಾ ಯುಎಸ್‌ಬಿ ಸಿಗುತ್ತಿಲ್ಲ. ಮ್ಯಾಕ್‌ಒಎಸ್ ಒಂದು ಯುಎಸ್‌ಬಿ ನಿಯಂತ್ರಕಕ್ಕೆ 15 ಕಿಂಡಿಗಳನ್ನಷ್ಟೇ ಒಪ್ಪುವುದರಿಂದ, ಕಿಂಡಿಗಳ ನಕ್ಷೆ ಮಾಡದವರಿಗೆ ಪೆನ್‌ಡ್ರೈವ್ ಹಾಕಿದ ಕಿಂಡಿಯೇ ಲೆಕ್ಕದಿಂದ ಹೊರಗುಳಿದಿರಬಹುದು, ಅಂಥವರು ಕಿಂಡಿ ಬದಲಿಸಿ ನೋಡಬೇಕು. ಎರಡೂ ಅಲ್ಲದಿದ್ದರೆ ಮೆನುವಿನಿಂದ ಒಮ್ಮೆ, ಬೂಟ್ ಸೆಟ್ಟಿಂಗ್‌ಗಳನ್ನು ನೆನಪಿಡುವ ಎನ್‌ವಿರ್ಯಾಮ್ ಅಳಿಸಿ ಮತ್ತೆ ಪ್ರಯತ್ನಿಸಿ. ಪರದೆಯ ಫೋಟೊ ತೆಗೆದು ನನಗೆ ಕಳುಹಿಸುವುದಾದರೆ ಕೊನೆಯ ಹತ್ತು ಸಾಲುಗಳು ಸ್ಪಷ್ಟವಾಗಿ ಕಾಣುವಂತೆ ತೆಗೆಯಿರಿ. ಕೆಲಸ ಮಾಡುತ್ತಿಲ್ಲ ಎಂಬ ಒಂದೇ ವಾಕ್ಯದಿಂದ ಯಾರೂ ಏನನ್ನೂ ಹೇಳಲಾರರು.

ಪ್ರಶ್ನೆ: ಇಂಟೆಲ್ ಯಂತ್ರಗಳಿಗೆ ಟಾಹೊ ಕೊನೆಯದು ಎನ್ನುತ್ತಾರೆ. ಹಾಗಾದರೆ ಈಗಲೇ ಟಾಹೊ ಹಾಕಿಕೊಳ್ಳುವುದು ಒಳ್ಳೆಯದಲ್ಲವೇ? ಜೊತೆಗೆ, ಹ್ಯಾಕಿಂತೋಷ್ ಇಟ್ಟುಕೊಳ್ಳುವುದು ಕಾನೂನಿಗೆ ಒಪ್ಪುತ್ತದೆಯೇ ಎಂಬುದನ್ನೂ ತಿಳಿಸಿ.

ಉತ್ತರ: ಕೊನೆಯದು ಎಂಬುದು ನಿಜ. 2020ರ ಜೂನ್‌ನಲ್ಲಿ ತನ್ನದೇ ಚಿಪ್‌ಗಳಿಗೆ ಹೋಗುವುದಾಗಿ ಸಾರಿದ ಆಪಲ್, 2025ರ ಜೂನ್‌ನಲ್ಲಿ ಇಂಟೆಲ್ ಮ್ಯಾಕ್‌ಗಳಿಗೆ ಟಾಹೊವೇ ಕಡೆಯ ಆವೃತ್ತಿ ಎಂದು ಹೇಳಿತು. ಅದು ಕೂಡ ನಾಲ್ಕೇ ಬಗೆಯ ಇಂಟೆಲ್ ಯಂತ್ರಗಳಿಗೆ: 2019ರ ಮ್ಯಾಕ್ ಪ್ರೊ, 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊ, 2020ರ ನಾಲ್ಕು ಥಂಡರ್‌ಬೋಲ್ಟ್ ಕಿಂಡಿಗಳ 13 ಇಂಚಿನ ಮ್ಯಾಕ್‌ಬುಕ್ ಪ್ರೊ, 2020ರ 27 ಇಂಚಿನ ಐಮ್ಯಾಕ್. ಸಿಕ್ವೊಯಾ ನಡೆಸುತ್ತಿದ್ದ ಐಮ್ಯಾಕ್ 19,1, ಮ್ಯಾಕ್ ಮಿನಿ 8,1, ಐಮ್ಯಾಕ್ ಪ್ರೊ ಗುರುತುಗಳು ಅಲ್ಲಿ ಸಲ್ಲುವುದಿಲ್ಲ.

ನಾನು ಮೇಲೆ ಹೇಳಿದ ಧ್ವನಿಯ ತೊಡಕು ಇದು: ಆಪಲ್‌ಎಎಲ್‌ಸಿ ಸ್ವತಃ ಧ್ವನಿ ಚಾಲಕವಲ್ಲ, ಮ್ಯಾಕ್‌ಒಎಸ್‌ನಲ್ಲಿದ್ದ ಆಪಲ್‌ಎಚ್‌ಡಿಎ ಎಂಬ ಚಾಲಕವನ್ನು ನಿಮ್ಮ ಮದರ್‌ಬೋರ್ಡಿನ ಧ್ವನಿ ಚಿಪ್‌ಗೆ ಹೊಂದಿಸುವ ನಡುವಣ ಕೆಲಸಗಾರ. ಟಾಹೊದಲ್ಲಿ ಆಪಲ್‌ಎಚ್‌ಡಿಎಯನ್ನೇ ತೆಗೆದುಹಾಕಿದ್ದಾರೆ. ಹೊಂದಿಸಲು ಚಾಲಕವೇ ಇಲ್ಲದ ಮೇಲೆ ಮದರ್‌ಬೋರ್ಡಿನ ಧ್ವನಿ ಕಿಂಡಿಗಳು ಮೌನವಾಗುತ್ತವೆ. ಹಳೆಯ ಚಾಲಕವನ್ನು ಸಿಸ್ಟಮ್ ವಾಲ್ಯೂಮ್‌ಗೆ ತೇಪೆ ಹಾಕಿ ತರಬಹುದು, ಇಲ್ಲವೇ ಯುಎಸ್‌ಬಿ ಮೂಲಕ ನೇರವಾಗಿ ಕೆಲಸ ಮಾಡುವ ಧ್ವನಿ ಸಾಧನ ಬಳಸಬಹುದು. ಎರಡನೆಯದನ್ನೇ ನಾನು ಒಪ್ಪುತ್ತೇನೆ.

ಆದರೂ ದುಡಿಮೆಯ ಯಂತ್ರವನ್ನು ಸದ್ಯ ಸಿಕ್ವೊಯಾದಲ್ಲೇ ನಿಲ್ಲಿಸುವುದು ಒಳ್ಳೆಯದೆಂದು ನನ್ನ ತೀರ್ಮಾನ. ಆಪಲ್ ಸಾಮಾನ್ಯವಾಗಿ ಇತ್ತೀಚಿನ ಮೂರು ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿಗಳನ್ನು ಕೊಡುತ್ತ ಬಂದಿದೆ. ಆ ರೂಢಿ ಮುಂದುವರಿದರೆ 2024ರಲ್ಲಿ ಬಂದ ಸಿಕ್ವೊಯಾ ಇನ್ನೂ ಕೆಲಕಾಲ ಆ ನೆರಳಿನಲ್ಲಿರುತ್ತದೆ. ಟಾಹೊ ನೋಡಲೇಬೇಕೆನ್ನುವವರು ಮೊದಲ ಉತ್ತರದಲ್ಲಿ ಹೇಳಿದಂತೆ ಬೇರೆ ವಾಲ್ಯೂಮ್‌ನಲ್ಲಿ ಹಾಕಿ ನೋಡಲಿ.

ಕಾನೂನಿನ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಮ್ಯಾಕ್‌ಒಎಸ್‌ನ ಪರವಾನಗಿ ಕರಾರು ಅದನ್ನು ಆಪಲ್ ಹೆಸರಿನ ಕಂಪ್ಯೂಟರ್‌ಗಳಲ್ಲಿ ಮಾತ್ರ ಬಳಸಬೇಕೆನ್ನುತ್ತದೆ, ಹ್ಯಾಕಿಂತೋಷ್ ಆ ಕರಾರನ್ನು ಮೀರುತ್ತದೆ. ಅಮೆರಿಕದಲ್ಲಿ ಇಂಥ ಯಂತ್ರಗಳನ್ನು ಮಾರುತ್ತಿದ್ದ ಸೈಸ್ಟಾರ್ ಎಂಬ ಕಂಪನಿಯ ಮೇಲೆ ಆಪಲ್ 2008ರಲ್ಲಿ ಮೊಕದ್ದಮೆ ಹೂಡಿ 2009ರಲ್ಲಿ ಗೆದ್ದಿತು, 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹ್ಯಾಕಿಂತೋಷ್ ಜೋಡಿಸಿ ಮಾರುವ ಆಲೋಚನೆ ಯಾರಿಗಾದರೂ ಇದ್ದರೆ ಕೈಬಿಡಬೇಕು. ಸ್ವಂತಕ್ಕೆ ಇಟ್ಟುಕೊಂಡವರೂ ಆಪಲ್‌ನಿಂದಾಗಲಿ ಮದರ್‌ಬೋರ್ಡ್ ತಯಾರಕರಿಂದಾಗಲಿ ಈ ವಿಷಯದಲ್ಲಿ ಸಹಾಯ ದೊರೆಯುವುದಿಲ್ಲವೆಂದು ತಿಳಿದೇ ಮುಂದುವರಿಯಬೇಕು. ಚೀಟಿ ಅಂಟಿಸಿದ ಆ ಹಳೆಯ ಪೆನ್‌ಡ್ರೈವನ್ನು ಅಪ್‌ಡೇಟ್ ಮುಗಿದ ಮರುದಿನವೇ ಅಳಿಸಿ ಬೇರೆ ಕೆಲಸಕ್ಕೆ ಬಳಸಬೇಡಿ ಎಂದು ನಾನು ಕೇಳಿಕೊಳ್ಳುವುದು ಅದಕ್ಕೇ.